ಪರೀಕ್ಷೆ ಪಾಸಾಗದ ಮೇಷ್ಟ್ರು, ಬೀಜದ ಗುಟ್ಟು ಬಿಡಿಸಿದರು

ಕೆಲವು ವರ್ಷದ ಹಿಂದೆ ನಾನೊಂದು ಪೆಟ್ಟು ತಿಂದೆ. ಹೈಬ್ರಿಡ್ ಮೆಕ್ಕೆಜೋಳ ಚೆನ್ನಾಗಿ ಬಂದಿತ್ತು. ಬೀಜಕ್ಕೆ ಮತ್ತೆ ಯಾಕೆ ದುಡ್ಡು ಸುರಿಯೋದು ಅಂತ ದಪ್ಪ ದಪ್ಪ ತೆನೆ ಆರಿಸಿ, ಒಣಗಿಸಿ ಎತ್ತಿಟ್ಟೆ. ಮುಂದಿನ ಮುಂಗಾರಿಗೆ ಎರಡೆಕರೆಗೆ ಅದನ್ನೇ ಬಿತ್ತಿದೆ. ಮಳೆ ಕೈಕೊಡಲಿಲ್ಲ. ಗೊಬ್ಬರಕ್ಕೂ ಕಮ್ಮಿ ಮಾಡಲಿಲ್ಲ. ಆದರೂ ಹೊಲದಲ್ಲಿ ಒಂದು ಗಿಡ ಆಳೆತ್ತರ, ಪಕ್ಕದ್ದು ಎದೆಮಟ್ಟ. ತೆನೆಯೂ ಹಾಗೇ, ಒಂದು ದಪ್ಪ, ಇನ್ನೊಂದು ಬೆರಳುದ್ದ. ಇಳುವರಿ ಬಹಳ ಕಮ್ಮಿಯಾಯಿತು. ಭೂಮಿ ಬೈದೆ, ಹಣೆಬರಹ ಬೈದೆ.

ಕಾರಣ ಗೊತ್ತಾಗಿದ್ದು ಮಗಳು ಹತ್ತನೇ ತರಗತಿಗೆ ಬಂದಾಗ. ಅವಳ ವಿಜ್ಞಾನ ಪುಸ್ತಕದಲ್ಲಿ ಬಟಾಣಿ ಗಿಡದ ಪಾಠ ಇತ್ತು. ಜೋರಾಗಿ ಓದುತ್ತಿದ್ದಳು. ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಪಕ್ಕದಲ್ಲಿ ಕೂತು ಕೇಳಿದೆ. 'ಅಯ್ಯೋ, ಇದು ನನ್ನ ಹೊಲದ ಕತೆಯಲ್ಲವಾ' ಅನಿಸಿತು. ಆಮೇಲೆ ಆ ಬಟಾಣಿ ಮೇಷ್ಟ್ರ ವಿಷಯ ಸಿಕ್ಕಿದ್ದೆಲ್ಲ ಓದಿದೆ. ಅವರು ಗ್ರೆಗರ್ ಮೆಂಡೆಲ್.

ರೈತನ ಮಗ

ಮೆಂಡೆಲ್ ಹುಟ್ಟಿದ್ದು 1822ರಲ್ಲಿ, ಈಗಿನ ಜೆಕ್ ದೇಶದ ಒಂದು ಸಣ್ಣ ಹಳ್ಳಿಯಲ್ಲಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಅಪ್ಪ ರೈತ. ವಾರಕ್ಕೆ ಮೂರು ದಿನ ಜಮೀನ್ದಾರರ ಹೊಲದಲ್ಲಿ ಬಿಟ್ಟಿ ದುಡಿಯಬೇಕಿತ್ತು. ಉಳಿದ ದಿನ ಸ್ವಂತ ಬೇಸಾಯ. ಹಣ್ಣಿನ ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಕೈ ಪಳಗಿತ್ತು. ಊರ ಶಾಲೆಯಲ್ಲೂ ಮಕ್ಕಳಿಗೆ ಹಣ್ಣಿನ ಬೆಳೆ, ಜೇನು ಸಾಕಣೆ ಕಲಿಸುತ್ತಿದ್ದರಂತೆ.

1838ರಲ್ಲಿ ಮರದ ದಿಮ್ಮಿ ಬಿದ್ದು ಅಪ್ಪನಿಗೆ ಜೋರು ಪೆಟ್ಟಾಯಿತು. ಹದಿನಾರರ ಹುಡುಗ ಮನೆಪಾಠ ಹೇಳಿಕೊಂಡು ಓದಿದ. ತಂಗಿ ತನ್ನ ಮದುವೆಗೆಂದು ಇಟ್ಟಿದ್ದ ಹಣದಲ್ಲಿ ಒಂದು ಪಾಲು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. ಆ ಋಣವನ್ನು ಮೆಂಡೆಲ್ ಮರೆಯಲಿಲ್ಲ. ಮುಂದೆ ಅವಳ ಗಂಡುಮಕ್ಕಳ ಓದಿಗೆ ನೆರವಾದರು. ಹೊಟ್ಟೆಪಾಡಿನ ಚಿಂತೆ ತಪ್ಪಲಿ ಅಂತ 1843ರಲ್ಲಿ ಬ್ರನೋ ಪಟ್ಟಣದ ಕ್ರೈಸ್ತ ಮಠ ಸೇರಿದರು.

ಎರಡು ಸಲ ಎಡವಿದ ಮೇಷ್ಟ್ರು

ಮಠದವರು ಪಾಠ ಹೇಳಲು ಕಳಿಸಿದರು. ಕಾಯಂ ಆಗಬೇಕಾದರೆ ಶಿಕ್ಷಕರ ಪರೀಕ್ಷೆ ಪಾಸಾಗಬೇಕು. 1850ರಲ್ಲಿ ಫೇಲಾದರು. ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ ಬಂದು 1856ರಲ್ಲಿ ಮತ್ತೆ ಕೂತರು. ಆಗಲೂ ಆಗಲಿಲ್ಲ. ಹಾಗಾಗಿ ಬ್ರನೋದ ಹೈಸ್ಕೂಲಿನಲ್ಲಿ 1854ರಿಂದ 1868ರವರೆಗೆ, ಹದಿನಾಲ್ಕು ವರ್ಷವೂ ತಾತ್ಕಾಲಿಕ ಮೇಷ್ಟ್ರಾಗಿಯೇ ಭೌತಶಾಸ್ತ್ರ, ಜೀವಶಾಸ್ತ್ರ ಹೇಳಿಕೊಟ್ಟರು.

ಶಾಲೆ ಬಿಟ್ಟ ಮೇಲೆ ಮಠದ ಹಿತ್ತಲಲ್ಲಿ ಬಟಾಣಿ ಬೇಸಾಯ. ಜಾಗ ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲ. ನಮ್ಮ ಕಣಕ್ಕಿಂತ ಬಹಳ ದೊಡ್ಡದೇನಲ್ಲ. ಮೊದಲು 34 ತಳಿ ತಂದು, ಬೆರಕೆ ಇದೆಯೋ ಅಂತ ಎರಡು ವರ್ಷ ಬೆಳೆದು ನೋಡಿದರು. ಆಮೇಲೆ ಮೊಗ್ಗು ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ತಳಿಯ ಪರಾಗ ಸವರಿ, ಹೂವಿಗೆ ಚೀಲ ಕಟ್ಟುವ ಕೆಲಸ. ಎಂಟು ವರ್ಷದಲ್ಲಿ ಸುಮಾರು 28,000 ಗಿಡ ನೋಡಿದರು. ನೋಡಿದ್ದನ್ನೆಲ್ಲ ಎಣಿಸಿ ಬರೆದಿಟ್ಟರು.

ಕಂಡದ್ದೇನು?

ಗುಂಡು ಕಾಳಿನ ತಳಿಗೂ ಸುಕ್ಕು ಕಾಳಿನ ತಳಿಗೂ ಕೂಡಿಸಿದರು. ಮೊದಲ ಪೀಳಿಗೆ ಎಲ್ಲ ಗುಂಡು. ಸುಕ್ಕು ಕಾಣೆಯಾಯಿತು. ಅದೇ ಬೀಜ ಬಿತ್ತಿ ಬಂದ ಎರಡನೇ ಪೀಳಿಗೆಯಲ್ಲಿ 5,474 ಗುಂಡು, 1,850 ಸುಕ್ಕು. ಮೂರಕ್ಕೆ ಒಂದು! ಅಂದರೆ ಸುಕ್ಕು ಸತ್ತಿರಲಿಲ್ಲ, ಒಳಗೆ ಅಡಗಿತ್ತು. ಪ್ರತಿ ಗಿಡಕ್ಕೂ ತಾಯಿಯಿಂದ ಒಂದು ಪಾಲು, ತಂದೆಯಿಂದ ಒಂದು ಪಾಲು. ಎರಡೂ ಸುಕ್ಕಿನ ಪಾಲೇ ಸೇರಿದಲ್ಲಿ ಮಾತ್ರ ಸುಕ್ಕು ಹೊರಗೆ ಬರುತ್ತದೆ.

ನನ್ನ ಮೆಕ್ಕೆಜೋಳದ ಗುಟ್ಟೂ ಇದೇ. ಚೀಲದ ಬೀಜ ಮೊದಲ ಪೀಳಿಗೆ. ಎಲ್ಲ ಗಿಡ ಒಂದೇ ಸಮ, ಕಸುವೂ ಜಾಸ್ತಿ. ನಾನು ಎತ್ತಿಟ್ಟದ್ದು ಎರಡನೇ ಪೀಳಿಗೆ. ಅಡಗಿದ್ದ ಗುಣಗಳೆಲ್ಲ ಚದುರಿ ಹೊರಬಂದವು, ಕಸುವೂ ಇಳಿಯಿತು. ತೆನೆ ಎಷ್ಟು ದಪ್ಪ ಆರಿಸಿದರೂ ಅಷ್ಟೇ.

ಯಾರೂ ಕೇಳಲಿಲ್ಲ

1865ರಲ್ಲಿ ಮೇಷ್ಟ್ರು ಊರಿನ ವಿಜ್ಞಾನ ಸಂಘದಲ್ಲಿ ಇದನ್ನು ಹೇಳಿದರು. ಮರುವರ್ಷ ಅಚ್ಚಾಯಿತು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. 1868ರಲ್ಲಿ ಮಠದ ಮುಖ್ಯಸ್ಥರಾದ ಮೇಲೆ ಶಾಲೆ ಬಿಟ್ಟರು. ತೆರಿಗೆ ವಿಚಾರದಲ್ಲಿ ಸರಕಾರದ ಜೊತೆ ಜಗಳಾಡುತ್ತಲೇ ವಯಸ್ಸಾಯಿತು. 1884ರಲ್ಲಿ ತೀರಿಕೊಂಡರು. 1900ರಲ್ಲಿ ಮೂರು ದೇಶದ ಮೂವರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದೇ ಫಲ ಕಂಡರು. ಹಳೇ ಪುಸ್ತಕ ತೆಗೆದರೆ ಮೇಷ್ಟ್ರು ಆಗಲೇ ಬರೆದಿಟ್ಟಿದ್ದರು!

ನಾನು ಈಗ ಮಾಡುವುದು

ಚೀಲದ ಮೇಲೆ ಹೈಬ್ರಿಡ್ ಅಂತ ಇದ್ದರೆ ಬೀಜಕ್ಕೆ ಇಡುವುದಿಲ್ಲ. ಹಾಗಂತ ಕೂಡಿಸಿ ಹುಟ್ಟಿದ ತಳಿಯನ್ನೆಲ್ಲ ವರ್ಷವೂ ಕೊಳ್ಳಬೇಕು ಅಂತಲ್ಲ. ನಮ್ಮ ಇಂಡಾಫ್ ರಾಗಿ ನೋಡಿ. ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಲಕ್ಷ್ಮಣಯ್ಯನವರು ತೆಗೆದ ತಳಿಗಳು. ಹಲವು ಪೀಳಿಗೆ ಆರಿಸಿ ಗುಣ ನಿಲ್ಲಿಸಿದ್ದರಿಂದ ಮನೆ ಬೀಜವೇ ನಡೆಯುತ್ತದೆ. ರಾಗಿ, ಶೇಂಗಾ, ಕಡಲೆಯ ಸುಧಾರಿತ ತಳಿಗಳಲ್ಲಿ ಪರಾಗ ಹೆಚ್ಚಾಗಿ ತನ್ನ ಹೂವಿಗೇ ಬೀಳುತ್ತದೆ. ಬೆರಕೆ ಗಿಡ ಕಿತ್ತು ಬೀಜ ಇಡಬಹುದು. ತೊಗರಿಗೆ ಮಾತ್ರ ಜೇನುಹುಳ ಬೇರೆ ಹೊಲದ ಪರಾಗ ತರುತ್ತದೆ. ಅಂಚಿನ ಸಾಲು ಬಿಟ್ಟು ನಡುಹೊಲದ ಗಿಡ ಆರಿಸುತ್ತೇನೆ.

ಇನ್ನೊಂದು ಅಭ್ಯಾಸವೂ ಮೇಷ್ಟ್ರಿಂದ ಬಂತು. ಹತ್ತು ಸಾಲಿನಲ್ಲಿ ಬೆರಕೆ ಗಿಡ ಎಷ್ಟು ಅಂತ ಎಣಿಸಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಎಣಿಸಲಿಕ್ಕೆ ಏಳನೇ ತರಗತಿ ಸಾಕು.