ಕ್ರೈಸ್ತಧರ್ಮದಲ್ಲಿ ನೀತಿಯೂ ಅಕ್ಷರನಿಷ್ಠೆಯೂ

ಇಬ್ಬರು ಮನುಷ್ಯರು ಪ್ರಾರ್ಥನೆಗಾಗಿ ದೇವಾಲಯಕ್ಕೆ ಹೋದರೆಂದು ಯೇಸುಕ್ರಿಸ್ತನು ಹೇಳಿದ ಸಣ್ಣ ದೃಷ್ಟಾಂತವೊಂದು ಲೂಕನ ಸುವಾರ್ತೆಯಲ್ಲುಂಟು. ಅವರಲ್ಲಿ ಒಬ್ಬನು ಫರಿಸಾಯರೆಂಬ ಆಚಾರವಂತರ ಪಂಗಡಕ್ಕೆ ಸೇರಿದವನು; ವಾರಕ್ಕೆ ಎರಡಾವರ್ತಿ ಉಪವಾಸ ಮಾಡತಕ್ಕವನು; ತನಗೆ ಬಂದುದರಲ್ಲೆಲ್ಲ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ತೆಗೆದಿಡತಕ್ಕವನು. ಇನ್ನೊಬ್ಬನು ಸುಂಕದವನು, ಆಳುವವರ ಬೊಕ್ಕಸಕ್ಕಾಗಿ ಸ್ವಜನರನ್ನು ಹಿಂಡಿ, ಆ ನೆವದಲ್ಲಿ ತನ್ನ ಚೀಲವನ್ನೂ ತುಂಬಿಕೊಳ್ಳುವವನೆಂದು ಊರವರ ತಿರಸ್ಕಾರಕ್ಕೆ ಪಾತ್ರನಾದವನು. ಮೊದಲನೆಯವನು ತಾನು ಇತರರಂತೆ, ಅದರಲ್ಲೂ ಅಲ್ಲಿ ನಿಂತಿರುವ ಆ ಸುಂಕದವನಂತೆ, ಅಲ್ಲದಿರುವುದಕ್ಕಾಗಿ ದೇವರನ್ನು ಕೊಂಡಾಡಿದನು. ಎರಡನೆಯವನು ದೂರದಲ್ಲಿ ನಿಂತು, ತಲೆಯೆತ್ತುವ ಧೈರ್ಯವೂ ಇಲ್ಲದೆ, ಎದೆ ಬಡಿದುಕೊಂಡು ಕರುಣೆಯನ್ನು ಬೇಡಿದನು. ದೇವರ ದೃಷ್ಟಿಯಲ್ಲಿ ನೀತಿವಂತನೆನಿಸಿ ಮನೆಗೆ ಹಿಂದಿರುಗಿದವನು ಈ ಎರಡನೆಯವನೇ ಎಂಬುದು ಕಥೆಯ ತೀರ್ಪು.

ಈ ತೀರ್ಪು ಈಗ ನಮ್ಮನ್ನು ಬೆರಗುಗೊಳಿಸುವುದಿಲ್ಲ. ಫರಿಸಾಯನೆಂದರೆ ಕಪಟಿಯೆಂಬ ಅರ್ಥ ಯೂರೋಪಿನ ಭಾಷೆಗಳಲ್ಲಿ ರೂಢಿಯಾಗಿ ಹೋಗಿದೆ. ಆದರೆ ಅದನ್ನು ಮೊದಲು ಕೇಳಿದವರಿಗೆ ಅದು ಲೋಕವನ್ನೇ ತಲೆಕೆಳಗು ಮಾಡಿದಂತೆ ತೋರಿರಬೇಕು. ಏಕೆಂದರೆ ಆ ಫರಿಸಾಯನು ಸುಳ್ಳಾಡಲಿಲ್ಲ. ಅವನು ಹೇಳಿಕೊಂಡ ಉಪವಾಸವೂ ನಿಜ, ದಾನವೂ ನಿಜ. ನೆರೆಹೊರೆಯವನಾಗಿ ಸುಂಕದವನಿಗಿಂತ ಅವನೇ ಲೇಸೆಂದು ಯಾರಾದರೂ ಒಪ್ಪತಕ್ಕದ್ದೇ. ಹಾಗಾದರೆ ಅವನಲ್ಲಿ ಇದ್ದ ಕೊರತೆ ಯಾವುದು? ಈ ದಿನ ನಾವು ಪರ್ಯಾಲೋಚಿಸಬೇಕೆಂದಿರುವ ವಿಷಯ ಈ ಪ್ರಶ್ನೆಯೊಳಗೇ ಅಡಗಿದೆ.

ಮೊದಲು ಶಬ್ದಗಳನ್ನು ಸ್ಪಷ್ಟಮಾಡಿಕೊಳ್ಳೋಣ. ಕನ್ನಡದ ಬೈಬಲ್ಲಿನಲ್ಲಿ ‘ನೀತಿ’ ಎಂಬ ಪದವು ಗ್ರೀಕಿನ ‘ದಿಕಾಯೊಸೂನೆ’ ಎಂಬುದಕ್ಕೂ, ಅದರ ಹಿಂದಿರುವ ಹೀಬ್ರೂವಿನ ‘ತ್ಸೆದಾಕಾ’ ಎಂಬುದಕ್ಕೂ ಸಮಾನವಾಗಿ ನಿಂತಿದೆ. ನೀತಿಯೆಂದೊಡನೆ ನಮಗೆ ಪಾಠಶಾಲೆಯ ನೀತಿಪಾಠವೋ ಸನ್ನಡತೆಯ ಪಟ್ಟಿಯೋ ನೆನಪಿಗೆ ಬರುವುದು ಸಹಜ. ಹೀಬ್ರೂ ಪದದ ಹರವು ಇದಕ್ಕಿಂತ ದೊಡ್ಡದು. ಅದು ಸಂಬಂಧವೊಂದರಲ್ಲಿ ತಕ್ಕಂತೆ ನಡೆದುಕೊಳ್ಳುವುದನ್ನು ಸೂಚಿಸುತ್ತದೆ. ವಿಧವೆಗೂ ಅನಾಥನಿಗೂ ಸಲ್ಲತಕ್ಕದ್ದನ್ನು ಸಲ್ಲಿಸುವ ಅರಸನು ನೀತಿವಂತನು. ಕೊಟ್ಟ ಮಾತಿಗೆ ತಪ್ಪದ ದೇವರು ನೀತಿವಂತನು. ಇದಕ್ಕೆ ಪ್ರತಿಯಾಗಿ, ವಿಧಿಯ ಅಕ್ಷರವನ್ನು ನಡೆಸಿದೊಡನೆ ನಮ್ಮ ಲೆಕ್ಕ ಚುಕ್ತವಾಯಿತು, ಇನ್ನು ದೇವರಿಗಾಗಲಿ ನೆರೆಯವನಿಗಾಗಲಿ ನಾವು ಕೊಡಬೇಕಾದುದು ಏನೂ ಇಲ್ಲ ಎಂದೆಣಿಸುವ ಮನೋಭಾವವನ್ನು ಅಕ್ಷರನಿಷ್ಠೆಯೆಂದು ಕರೆಯಬಹುದು. ಹೊರಗಿನಿಂದ ನೋಡುವವರಿಗೆ ಇವೆರಡೂ ಒಂದೇ ತೆರನಾಗಿ ಕಾಣುವುದರಿಂದಲೇ ತೊಡಕು ಹುಟ್ಟುತ್ತದೆ.

ಇಲ್ಲಿ ಯೆಹೂದ್ಯರಿಗೆ ಅನ್ಯಾಯವಾಗದಂತೆ ಎಚ್ಚರ ವಹಿಸಬೇಕು. ಅವರ ಧರ್ಮಶಾಸ್ತ್ರವು ತನ್ನ ಕಥೆಯನ್ನು ಆರಂಭಿಸುವುದು ವಿಧಿಗಳಿಂದಲ್ಲ, ಬಿಡುಗಡೆಯಿಂದ. ಐಗುಪ್ತದ ದಾಸ್ಯದಿಂದ ದೇವರು ಜನರನ್ನು ಪಾರುಮಾಡಿದ ಮೇಲೆಯೇ ಸೀನಾಯಿ ಬೆಟ್ಟದಲ್ಲಿ ಹತ್ತು ಆಜ್ಞೆಗಳು ದೊರೆತವು. ವಿಧಿಪಾಲನೆಯು ಆ ಉಪಕಾರಕ್ಕೆ ಸಲ್ಲಿಸುವ ಕೃತಜ್ಞತೆ. ಯೆಹೂದ್ಯ ಸಂಪ್ರದಾಯದ ಎಣಿಕೆಯಂತೆ ಆಜ್ಞೆಗಳು ಒಟ್ಟು 613. ಮಾಡತಕ್ಕವು 248, ಮಾಡಬಾರದವು 365. ಕ್ರಿ.ಶ. 200ರ ಸುಮಾರಿಗೆ ಕ್ರೋಡೀಕೃತವಾದ ಮಿಷ್ನಾ ಎಂಬ ಗ್ರಂಥದಲ್ಲಿ ಸಬ್ಬತ್ ದಿನದಲ್ಲಿ ವರ್ಜ್ಯವಾದ ಕೆಲಸಗಳನ್ನು 39 ಬಗೆಯಾಗಿ ವಿಂಗಡಿಸಿದೆ. ಇದನ್ನು ಕೇಳಿ ನಗುವವರು, ಆ ಒಂದು ದಿನದ ವಿರಾಮವು ದಾಸನಿಗೂ ದಾಸಿಗೂ ನೊಗ ಹೊತ್ತ ಎತ್ತಿಗೂ ವಿಧಿಸಲ್ಪಟ್ಟಿತ್ತೆಂಬುದನ್ನು ಮರೆಯಬಾರದು. ಪ್ರಾಣರಕ್ಷಣೆಯ ಮುಂದೆ ಸಬ್ಬತ್ತಿನ ನಿಯಮವು ನಿಲ್ಲತಕ್ಕದ್ದಲ್ಲವೆಂದು ತೀರ್ಮಾನಿಸಿದವರೂ ಆ ಶಾಸ್ತ್ರಿಗಳೇ. ಕ್ರಿಸ್ತಪೂರ್ವ ಎಂಟನೆಯ ಶತಮಾನದಷ್ಟು ಹಿಂದೆಯೇ ಆಮೋಸ, ಹೋಶೇಯ, ಮೀಕರೆಂಬ ಪ್ರವಾದಿಗಳು, ನ್ಯಾಯವಿಲ್ಲದ ಕಡೆ ಹೋಮ ಬಲಿಗಳಿಂದ ದೇವರು ತೃಪ್ತನಾಗುವುದಿಲ್ಲವೆಂದು ಸಾರಿದ್ದರು. ಆ ಕಾಲದ ಯೆಹೂದ್ಯಧರ್ಮವನ್ನು ಬರಿಯ ಪುಣ್ಯದ ಲೆಕ್ಕಾಚಾರವೆಂದು ಬಗೆದದ್ದು ತಪ್ಪೆಂಬುದನ್ನು ಇ. ಪಿ. ಸ್ಯಾಂಡರ್ಸ್ ಎಂಬ ವಿದ್ವಾಂಸನು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದನು. ಆದುದರಿಂದ ಯೇಸುವಿಗೂ ಫರಿಸಾಯರಿಗೂ ನಡೆದ ವಾದವು ಒಂದೇ ಮನೆಯೊಳಗಿನ ವಾದ. ಅದನ್ನು ಹೊರಗಿನವರು ಎತ್ತಿಕೊಂಡು ಯೆಹೂದ್ಯರನ್ನು ನಿಂದಿಸುವ ಆಯುಧವಾಗಿ ಮಾಡಿಕೊಂಡುದರಿಂದ ಶತಮಾನಗಳ ಕಾಲ ಆದ ಅನರ್ಥವು ಸಾಮಾನ್ಯವಾದುದಲ್ಲ.

ಆ ವಾದದ ತಿರುಳೇನು? ಮಾರ್ಕನ ಸುವಾರ್ತೆಯಲ್ಲಿ ‘ಕೊರ್ಬಾನ್’ ಎಂಬ ಹರಕೆಯ ಪ್ರಸ್ತಾಪವಿದೆ. ಒಬ್ಬನು ತನ್ನ ಸೊತ್ತನ್ನು ದೇವರಿಗೆ ಮುಡಿಪೆಂದು ಹೇಳಿಬಿಟ್ಟರೆ, ಅದರಿಂದ ವೃದ್ಧರಾದ ತಂದೆತಾಯಿಗಳನ್ನು ಪೋಷಿಸುವ ಹೊಣೆಯಿಂದ ಅವನು ನುಣುಚಿಕೊಳ್ಳಬಹುದಾಗಿತ್ತು. ಹರಕೆಯ ನಿಯಮಕ್ಕೆ ಭಂಗವಿಲ್ಲ. ಆದರೆ ತಂದೆತಾಯಿಗಳನ್ನು ಗೌರವಿಸಬೇಕೆಂಬ ಆಜ್ಞೆಯೇ ಅಲ್ಲಿ ಮಣ್ಣುಪಾಲಾಯಿತು. ಪುದೀನ, ಜೀರಿಗೆ ಮುಂತಾದ ಸೊಪ್ಪುಸಂಬಾರಗಳಲ್ಲಿಯೂ ದಶಮಾಂಶವನ್ನು ಎಣಿಸಿಕೊಟ್ಟು, ನ್ಯಾಯ, ಕರುಣೆ, ನಂಬಿಕೆಗಳನ್ನು ಕೈಬಿಡುವವರನ್ನು ಯೇಸುವು ಖಂಡಿಸಿದುದೂ ಇದೇ ಕಾರಣದಿಂದ. ಗಮನಿಸಬೇಕಾದುದೇನೆಂದರೆ, ಆ ಸಣ್ಣ ದಶಮಾಂಶವನ್ನು ಕೊಡಬೇಡಿರೆಂದು ಅವನು ಹೇಳಲಿಲ್ಲ. ಅದನ್ನೂ ಬಿಡಬಾರದೆಂದೇ ಹೇಳಿದನು.

ಬೆಟ್ಟದ ಮೇಲಣ ಪ್ರಸಂಗದಲ್ಲಂತೂ ಅವನು ಶಾಸ್ತ್ರವನ್ನು ಸಡಿಲಗೊಳಿಸುವುದಕ್ಕೆ ಬದಲಾಗಿ ಇನ್ನಷ್ಟು ಬಿಗಿಗೊಳಿಸುತ್ತಾನೆ. ಕೊಲೆ ಮಾಡದಿದ್ದರೆ ಸಾಲದು, ಕೊಲೆಯ ಬೇರಾದ ದ್ವೇಷವೂ ಇರಬಾರದು. ದಾನ ಮಾಡಿದರೆ ಸಾಲದು, ಅದು ಜನರ ಕಣ್ಣಿಗೆ ಬೀಳಲೆಂಬ ಆಸೆಯೂ ಇರಬಾರದು. ನಿಯಮವು ನೋಡುವುದು ಕೈಯನ್ನು. ನೀತಿಯು ಕೇಳುವುದು ಹೃದಯವನ್ನು. ಅಕ್ಷರನಿಷ್ಠನು ಯಾವಾಗಲೂ ಕೇಳುವ ಪ್ರಶ್ನೆ ‘ಎಷ್ಟು ಮಾಡಿದರೆ ಸಾಕು’ ಎಂಬುದು. ತಪ್ಪುಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೆ ಎಂದು ಪೇತ್ರನು ಕೇಳಿದಾಗ ಯೇಸುವು ಲೆಕ್ಕವಿಡಲಾಗದಷ್ಟು ದೊಡ್ಡ ಸಂಖ್ಯೆಯೊಂದನ್ನು ಹೇಳಿದನು. ಎಣಿಸುತ್ತ ಕ್ಷಮಿಸುವವನು ಕ್ಷಮಿಸುತ್ತಿರುವುದಿಲ್ಲ, ಪ್ರತೀಕಾರವನ್ನು ಮುಂದೂಡುತ್ತಿರುತ್ತಾನೆ ಎಂಬುದು ಅದರ ಅಭಿಪ್ರಾಯವೆಂದು ನಾವು ಭಾವಿಸಬಹುದು.

ಈ ವಿಚಾರಕ್ಕೆ ಸಿದ್ಧಾಂತದ ರೂಪವನ್ನು ಕೊಟ್ಟವನು ತಾರ್ಸದ ಪೌಲನು. ಅವನು ಸ್ವತಃ ಫರಿಸಾಯನು. ಧರ್ಮಶಾಸ್ತ್ರದ ಮಟ್ಟಿಗೆ ತನ್ನಲ್ಲಿ ಯಾವ ಕುಂದೂ ಇರಲಿಲ್ಲವೆಂದು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಹಾಗಿದ್ದೂ, ಅದೇ ಶ್ರದ್ಧೆಯ ಆವೇಶದಲ್ಲಿ ಅವನು ಕ್ರಿಸ್ತನ ಅನುಯಾಯಿಗಳನ್ನು ಹಿಂಸಿಸಿದ್ದನು. ನಿಯಮದಲ್ಲಿ ನಿರ್ದೋಷಿಯಾದವನ ಕೈಯಿಂದಲೇ ಅಂಥ ಕ್ರೌರ್ಯ ನಡೆಯಿತೆಂಬ ಅರಿವು ಅವನನ್ನು ಕಡೆಯವರೆಗೂ ಬಿಡಲಿಲ್ಲ.

ಅಂತಿಯೋಕ್ಯದಲ್ಲಿ ನಡೆದ ಘಟನೆಯೊಂದನ್ನು ಅವನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾನೆ. ಅಲ್ಲಿ ಯೆಹೂದ್ಯ ಕ್ರೈಸ್ತರೂ ಅನ್ಯಜನರಿಂದ ಬಂದ ಕ್ರೈಸ್ತರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಪೇತ್ರನೂ ಅವರೊಡನೆ ಕುಳಿತಿದ್ದನು. ಯೆರೂಸಲೇಮಿನಿಂದ ಕೆಲವರು ಬಂದೊಡನೆ ಪೇತ್ರನು ಅವರಿಗೆ ಅಂಜಿ ಮೆಲ್ಲನೆ ಹಿಂದೆಗೆದು ಬೇರೆಯಾದನು. ಮಿಕ್ಕ ಯೆಹೂದ್ಯರೂ, ಕಡೆಗೆ ಪೌಲನ ಒಡನಾಡಿ ಬಾರ್ನಬನೂ, ಅವನನ್ನು ಅನುಸರಿಸಿದರು. ಪೌಲನು ಎಲ್ಲರ ಮುಂದೆಯೇ ಪೇತ್ರನನ್ನು ಎದುರಿಸಿದನು. ಪಂಕ್ತಿಭೇದವೆಂದರೇನೆಂದು ಬಲ್ಲ ನಮ್ಮ ದೇಶದ ಶ್ರೋತೃಗಳಿಗೆ ಈ ಘಟನೆಯ ಕಾವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಎಲೆಯ ಮುಂದಿನಿಂದ ಒಬ್ಬನು ಎದ್ದು ಹೋದರೆ, ಉಳಿದವರಿಗೆ ಅವನು ಬಾಯಿಬಿಟ್ಟು ಹೇಳಬೇಕಾದುದು ಏನೂ ಇರುವುದಿಲ್ಲ. ಅನ್ಯಜನರು ಸುನ್ನತಿ ಮಾಡಿಸಿಕೊಂಡು ಶಾಸ್ತ್ರದ ನೊಗವನ್ನು ಹೊತ್ತಲ್ಲದೆ ದೇವರ ಮನೆಯವರಾಗಲಾರರೆಂಬ ವಾದಕ್ಕೆ ಪೌಲನು ಕೊಟ್ಟ ಉತ್ತರ ಸರಳವಾದುದು. ಅಬ್ರಹಾಮನು ದೇವರ ವಾಗ್ದಾನವನ್ನು ನಂಬಿ ನೀತಿವಂತನೆನಿಸಿದುದು ಸುನ್ನತಿಗೆ ಮುಂಚೆಯೇ ಹೊರತು ಅನಂತರವಲ್ಲ. ಆದುದರಿಂದ ನೀತಿಯು ನಂಬಿಕೆಯ ಮೂಲಕ ದೊರೆಯುವ ದಾನ, ದುಡಿಮೆಗೆ ಸಲ್ಲುವ ಕೂಲಿಯಲ್ಲ.

ಹದಿನೈದು ಶತಮಾನಗಳು ಕಳೆದ ಮೇಲೆ ಇದೇ ಪ್ರಶ್ನೆಯು ಜರ್ಮನಿಯ ಸಂನ್ಯಾಸಿಯೊಬ್ಬನ ನಿದ್ರೆಗೆಡಿಸಿತು. ಮಾರ್ಟಿನ್ ಲೂಥರನು 1505ರಲ್ಲಿ ಎರ್‌ಫುರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಪ್ರಾರ್ಥನೆಗಳಲ್ಲಿ ಅವನು ಯಾರಿಗೂ ಕಡಮೆಯಾಗಿರಲಿಲ್ಲ. ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹೊರಬಂದವನಿಗೆ, ಹೇಳದೆ ಉಳಿದ ಪಾಪವೊಂದು ನೆನಪಾಗಿ ಮತ್ತೆ ಕಳವಳ ಮೊದಲಾಗುತ್ತಿತ್ತು. ‘ದೇವರ ನೀತಿ’ ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆನೆಂದು ಅವನು 1545ರಲ್ಲಿ, ಸಾಯುವುದಕ್ಕೆ ಒಂದು ವರ್ಷ ಮುಂಚೆ, ನೆನೆದುಕೊಂಡಿದ್ದಾನೆ. ಏಕೆಂದರೆ ಅದು ಪಾಪಿಗಳನ್ನು ದಂಡಿಸುವ ನೀತಿಯೆಂದೇ ಅವನು ತಿಳಿದಿದ್ದನು. ಪೌಲನು ರೋಮಾಪುರದವರಿಗೆ ಬರೆದ ಪತ್ರವನ್ನು ಹಗಲಿರುಳು ಮಥಿಸಿದ ಮೇಲೆ, ಅದು ದೇವರು ಮನುಷ್ಯನಿಗೆ ಕರುಣೆಯಿಂದ ಕೊಡುವ ನೀತಿಯೆಂಬ ಅರ್ಥ ಅವನಿಗೆ ಹೊಳೆಯಿತು. 1517ರಲ್ಲಿ ಪಾಪದಂಡನೆಯ ಕ್ಷಮಾಪತ್ರಗಳ ಮಾರಾಟವನ್ನು ಪ್ರಶ್ನಿಸಿ ಅವನು ಮಂಡಿಸಿದ 95 ವಾದಗಳಿಂದ ಮೊದಲಾದ ಕಲಹವು ಪಶ್ಚಿಮದ ಸಭೆಯನ್ನು ಇಬ್ಭಾಗ ಮಾಡಿತು. ಕೃಪೆಯೇ ಆದಿಯೆಂಬುದನ್ನು ಒಪ್ಪಿದರೂ, ಆ ಕೃಪೆಗೆ ಸಹಕರಿಸುವ ಮನುಷ್ಯನು ಒಳಗಿನಿಂದಲೇ ಹೊಸಬನಾಗುತ್ತಾನೆಂದೂ, ಸತ್ಕರ್ಮಗಳಿಗೆ ಬೆಲೆಯಿದೆಯೆಂದೂ 1547ರಲ್ಲಿ ಟ್ರೆಂಟಿನ ಮಹಾಸಭೆಯಲ್ಲಿ ಕೆಥೋಲಿಕರು ನಿರ್ಣಯಿಸಿದರು. ನಾಲ್ಕು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದು, 1999ನೆಯ ಅಕ್ಟೋಬರ್ 31ರಂದು ಔಗ್ಸ್‌ಬುರ್ಗಿನಲ್ಲಿ ಉಭಯ ಪಕ್ಷದವರೂ ಈ ವಿಷಯದಲ್ಲಿ ಮೂಲಭೂತವಾದ ಒಮ್ಮತವುಂಟೆಂಬ ಸಂಯುಕ್ತ ಘೋಷಣೆಗೆ ರುಜು ಹಾಕಿದರು.

ಹಾಗೆಂದು ಅಕ್ಷರನಿಷ್ಠೆಯು ಒಂದು ಪಂಗಡದ ರೋಗವೆಂದು ತಿಳಿಯಬಾರದು. ಲೂಥರನ ಮಾರ್ಗದಲ್ಲಿ ನಡೆದವರೇ ಹೊಸ ವಿಧಿಗಳನ್ನು ಕಟ್ಟಿಕೊಂಡರು. ಪ್ಯೂರಿಟನ್ನರ ಕೈಮೇಲಾಗಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದುಮಾಡಿತು. ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿಯೂ ಅವನ ಗೆಳೆಯರೂ ಬುಧವಾರ ಶುಕ್ರವಾರಗಳಂದು ಉಪವಾಸವಿದ್ದು, ಸೆರೆಮನೆಯ ಕೈದಿಗಳನ್ನು ಕಂಡುಬರುತ್ತ, ಗಳಿಗೆಗಳಿಗೆಗೂ ಕ್ರಮವನ್ನು ಗೊತ್ತುಮಾಡಿಕೊಂಡಿದ್ದರು. ‘ಮೆಥಡಿಸ್ಟ್’ ಎಂಬ ಹೆಸರು ಅವರಿಗೆ ಪರಿಹಾಸ್ಯವಾಗಿ ಬಂದುದು. ವಾರಕ್ಕೆ ಎರಡು ಉಪವಾಸ ಮಾಡುತ್ತಿದ್ದ ಆ ಫರಿಸಾಯನು ಇಲ್ಲಿ ನಮ್ಮ ನೆನಪಿಗೆ ಬರುತ್ತಾನೆ. ಇಷ್ಟಾದರೂ ವೆಸ್ಲಿಗೆ ನೆಮ್ಮದಿ ದೊರೆಯಲಿಲ್ಲ. 1738ನೆಯ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ, ರೋಮಾಪುರದ ಪತ್ರಿಕೆಗೆ ಲೂಥರನು ಬರೆದಿದ್ದ ಪೀಠಿಕೆಯನ್ನು ಯಾರೋ ಓದುತ್ತಿರುವಾಗ ಅವನ ಮನಸ್ಸು ತಿಳಿಯಾಯಿತು. ಅನಂತರವೂ ಅವನು ಉಪವಾಸವನ್ನಾಗಲಿ ದೀನಸೇವೆಯನ್ನಾಗಲಿ ಬಿಡಲಿಲ್ಲ. ಕೆಲಸಗಳು ಅವೇ ಆಗಿದ್ದರೂ ಅವುಗಳ ಬೇರು ಬೇರೆಯಾಗಿತ್ತು.

ಎದುರು ದಿಕ್ಕಿನಲ್ಲಿಯೂ ಒಂದು ಹಳ್ಳವುಂಟು. ಕೃಪೆಯೊಂದೇ ಸಾಕಾದರೆ ನಡತೆಯ ಗೊಡವೆಯೇಕೆ ಎನ್ನುವವರು ಪೌಲನ ಕಾಲದಲ್ಲಿಯೇ ಇದ್ದಿರಬೇಕು. ಅವನು ಆ ಮಾತನ್ನು ಎತ್ತಿ ತಿರಸ್ಕರಿಸಿದ್ದಾನೆ. ಕ್ರಿಯೆಯಿಲ್ಲದ ನಂಬಿಕೆಯು ಹೆಣದಂತೆಂದು ಯಾಕೋಬನ ಪತ್ರಿಕೆಯು ಎಚ್ಚರಿಸುತ್ತದೆ. ಜರ್ಮನಿಯ ಡೀಟ್ರಿಚ್ ಬಾನ್‌ಹಫರನು 1937ರಲ್ಲಿ ಬರೆದ ಗ್ರಂಥದಲ್ಲಿ, ಪಶ್ಚಾತ್ತಾಪವನ್ನೂ ವಿಧೇಯತೆಯನ್ನೂ ಬಯಸದ ಕೃಪೆಯನ್ನು ಅಗ್ಗದ ಕೃಪೆಯೆಂದು ಕರೆದು ಖಂಡಿಸಿದನು. ಹಿಟ್ಲರನ ಆಡಳಿತವನ್ನು ಪ್ರತಿಭಟಿಸಿದ ಅವನನ್ನು 1945ನೆಯ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಅವನು ಬರೆದುದಕ್ಕೆ ಅವನೇ ಬೆಲೆ ತೆತ್ತನು.

ಹಾಗಾದರೆ ನಿಜವಾದ ನೀತಿಯನ್ನು ಗುರುತಿಸುವುದು ಹೇಗೆ? ಯೇಸುವಿನ ಇನ್ನೊಂದು ಕಥೆಯು ನಮಗೆ ದಾರಿ ತೋರಬಲ್ಲುದು. ಮನೆಬಿಟ್ಟು ಹೋಗಿ ಆಸ್ತಿಯನ್ನೆಲ್ಲ ಹಾಳುಮಾಡಿದ ಕಿರಿಯ ಮಗನು ಹಿಂದಿರುಗಿದಾಗ ತಂದೆಯು ಔತಣ ಮಾಡಿಸಿದ ಕಥೆ ಎಲ್ಲರಿಗೂ ಗೊತ್ತು. ಹಿರಿಯ ಮಗನ ವಿಷಯವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಅವನು ಎಂದೂ ತಂದೆಯ ಮಾತು ಮೀರಿದವನಲ್ಲ. ಹೊಲದಲ್ಲಿ ದುಡಿದು ಮನೆಗೆ ಬರುತ್ತಿದ್ದವನು. ಆದರೆ ಅಷ್ಟು ವರ್ಷದ ದುಡಿಮೆಯನ್ನು ಅವನು ಆಳಿನ ದುಡಿಮೆಯಂತೆ ಲೆಕ್ಕ ಹೇಳುತ್ತಾನೆ. ಹಿಂದಿರುಗಿದವನನ್ನು ತನ್ನ ತಮ್ಮನೆನ್ನದೆ, ತಂದೆಯ ಮಗನೆನ್ನುತ್ತಾನೆ. ನಿಯಮವೊಂದನ್ನೂ ಮೀರದೆ ಅವನು ಮಗನ ಭಾವವನ್ನೂ ಅಣ್ಣನ ಭಾವವನ್ನೂ ಕಳೆದುಕೊಂಡಿದ್ದನು. ದೇವಾಲಯದಲ್ಲಿ ನಿಂತ ಫರಿಸಾಯನ ಕೊರತೆಯೂ ಇದೇ. ಅವನ ಪ್ರಾರ್ಥನೆಯಲ್ಲಿ ದೇವರಿಂದ ಬೇಡುವುದು ಏನೂ ಇರಲಿಲ್ಲ. ಪಕ್ಕದವನನ್ನು ಅಳತೆಗೋಲಾಗಿ ಮಾಡಿಕೊಂಡವನಿಗೆ ಅವನು ಸೋದರನಾಗಿ ಕಾಣುವಂತಿರಲಿಲ್ಲ. ನಮ್ಮ ಆಚಾರವು ನಮ್ಮನ್ನು ನೆರೆಯವನ ಹತ್ತಿರಕ್ಕೆ ಕರೆದೊಯ್ಯುತ್ತಿದೆಯೆ, ಅವನಿಂದ ದೂರಕ್ಕೆ ಒಯ್ಯುತ್ತಿದೆಯೆ ಎಂಬುದನ್ನು ಕೇಳಿಕೊಂಡರೆ, ಅದು ನೀತಿಯೋ ಅಕ್ಷರನಿಷ್ಠೆಯೋ ಎಂಬುದು ತಿಳಿದೀತು.

ಹಿರಿಯ ಮಗನನ್ನು ತಂದೆಯು ಗದರಿಸಲಿಲ್ಲ. ಕಿರಿಯವನನ್ನು ಕಾಣಲು ಓಡಿಬಂದಂತೆಯೇ ಇವನನ್ನು ಒಳಕ್ಕೆ ಕರೆಯುವುದಕ್ಕೂ ಅವನೇ ಬಾಗಿಲ ಹೊರಕ್ಕೆ ಬಂದನು. ಮಗನು ಒಳಕ್ಕೆ ಹೋದನೆ, ಇಲ್ಲವೆ ಎಂಬುದನ್ನು ಲೂಕನು ಬರೆದಿಲ್ಲ. ಅದನ್ನು ಕೇಳುಗರು ತಮ್ಮ ತಮ್ಮಲ್ಲಿಯೇ ನಿರ್ಧರಿಸಿಕೊಳ್ಳಲೆಂದು ಬಿಟ್ಟಿರಬೇಕೆಂದು ನಮಗೆ ತೋರುತ್ತದೆ.