ಡಿಸ್ಕ್ ಮುಂದಿನ ಸರತಿ ಸಾಲು

ಹಾರ್ಡ್ ಡಿಸ್ಕ್ ಇರುವ ಲಿನಕ್ಸ್ ಗಣಕದಲ್ಲಿ ದೊಡ್ಡ ಕಡತವೊಂದನ್ನು ನಕಲು ಮಾಡಲು ಹಚ್ಚಿ, ಆಗಲೇ ಬ್ರೌಸರನ್ನು ತೆರೆಯಿರಿ. ಕಿಟಕಿ ಮೂಡಲು ಬಹಳ ಹೊತ್ತು ಹಿಡಿಯುತ್ತದೆ. ಪ್ರೊಸೆಸರ್‌ಗೆ ಆಗ ಹೆಚ್ಚಿನ ಕೆಲಸವೇನೂ ಇರುವುದಿಲ್ಲ. ಹಾಗಾದರೆ ತಡವಾಗುವುದೆಲ್ಲಿ? ಡಿಸ್ಕ್ ಮುಂದಿನ ಸರತಿ ಸಾಲಿನಲ್ಲಿ.

ನಿಮಿಷಕ್ಕೆ 7200 ಸಲ ತಿರುಗುವ ಡಿಸ್ಕ್‌ಗೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ಶಿರದ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡ್. ಶಿರವು ಸರಿಯಾದ ಪಥಕ್ಕೆ ಸರಿಯಲು ಇನ್ನೂ 8-9 ಮಿಲಿಸೆಕೆಂಡ್. ಹೀಗಾಗಿ ಅಲ್ಲಲ್ಲಿ ಚದುರಿದ ಕೋರಿಕೆಗಳನ್ನು ಡಿಸ್ಕ್ ಸೆಕೆಂಡಿಗೆ 75-80ರಷ್ಟು ಮಾತ್ರ ಪೂರೈಸಬಲ್ಲದು. ಕೋರಿಕೆಗೆ 4 ಕಿಲೋಬೈಟ್‌ನಂತೆ ಲೆಕ್ಕ ಹಾಕಿದರೆ ಇದು ಸೆಕೆಂಡಿಗೆ ಕೇವಲ 300 ಕಿಲೋಬೈಟ್!

ಆದ್ದರಿಂದ ಕೋರಿಕೆಗಳ ಕ್ರಮ ಮುಖ್ಯ. ಶಿರವು 0ನೇ ಪಥದಲ್ಲಿದೆ. 10, 190, 20, 180ನೇ ಪಥಗಳಿಂದ ಕೋರಿಕೆಗಳು ಬಂದಿವೆ ಎನ್ನೋಣ. ಬಂದ ಕ್ರಮದಲ್ಲೇ ಪೂರೈಸಿದರೆ ಶಿರವು 520 ಪಥ ಓಡಾಡಬೇಕು. ಲಿಫ್ಟ್ ಮಹಡಿಗಳನ್ನು ಹಾಯುವಂತೆ 10, 20, 180, 190 ಎಂದು ಹೋದರೆ 190 ಪಥ ಸಾಕು.

ಆದರೆ ಇದರಲ್ಲೊಂದು ತೊಡಕಿದೆ. ಹತ್ತಿರದ ಪಥಗಳಿಗೆ ಹೊಸ ಕೋರಿಕೆಗಳು ಬರುತ್ತಲೇ ಇದ್ದರೆ ದೂರದ ಕೋರಿಕೆ ಕಾಯುತ್ತಲೇ ಇರಬೇಕಾಗುತ್ತದೆ. ಒಟ್ಟು ಕೆಲಸ ಹೆಚ್ಚಬೇಕೆ, ಅಥವಾ ಯಾರೂ ಬಹಳ ಕಾಯಬಾರದೆ? ಅನುಸೂಚಿಯ ಆಯ್ಕೆಯೆಂದರೆ ಈ ಪ್ರಶ್ನೆಗೆ ಉತ್ತರ.

'ಡೆಡ್‌ಲೈನ್' ಪದ್ಧತಿ ಪ್ರತಿ ಕೋರಿಕೆಗೂ ಗಡುವು ಕೊಡುತ್ತದೆ: ಸಾಮಾನ್ಯವಾಗಿ ಓದಿಗೆ ಅರ್ಧ ಸೆಕೆಂಡ್, ಬರೆಹಕ್ಕೆ 5 ಸೆಕೆಂಡ್. ಬರೆಯಬೇಕಾದುದನ್ನು ಸ್ಮೃತಿಯಲ್ಲಿಟ್ಟು ಆಮೇಲೆ ಬರೆಯಬಹುದು. ಓದಿದ್ದು ಕೈಗೆ ಬರದೆ ತಂತ್ರಾಂಶ ಮುಂದುವರಿಯಲಾರದು. 2006ರಿಂದ ಲಿನಕ್ಸ್ ಕರ್ನೆಲ್‌ನ ಪೂರ್ವನಿಯೋಜಿತ ಪದ್ಧತಿಯಾದ 'ಸಿಎಫ್‌ಕ್ಯು', ಪ್ರತಿ ತಂತ್ರಾಂಶಕ್ಕೂ ಡಿಸ್ಕ್‌ನ ಸಮಯವನ್ನು ಪಾಲು ಹಂಚುತ್ತಿತ್ತು. 2019ರ 5.0 ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಇಂದು 'ಎಂಕ್ಯು-ಡೆಡ್‌ಲೈನ್', 'ಬಿಎಫ್‌ಕ್ಯು', 'ಕೈಬರ್' ಇವೆ; ಯಾವ ಮರುಜೋಡಣೆಯನ್ನೂ ಮಾಡದ 'ನನ್' ಎಂಬ ಆಯ್ಕೆಯೂ ಇದೆ. 2017ರಲ್ಲಿ ಸೇರಿದ ಬಿಎಫ್‌ಕ್ಯು, ಈಗಷ್ಟೇ ತೆರೆದ ತಂತ್ರಾಂಶಕ್ಕೆ ಆದ್ಯತೆ ಕೊಡುತ್ತದೆ. ನಕಲು ತುಸು ನಿಧಾನವಾದರೂ ಬ್ರೌಸರ್ ಬೇಗ ತೆರೆದುಕೊಳ್ಳುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಶಾಲಾ ಗಣಕಗಳಿಗೆ ಇದು ಉಪಯುಕ್ತ.

ಎಸ್‌ಎಸ್‌ಡಿಯಲ್ಲಿ ಚಲಿಸುವ ಶಿರವೇ ಇಲ್ಲ. ಅಲ್ಲಿ ಅನುಸೂಚಿಯಿಂದಾಗುವ ವ್ಯತ್ಯಾಸ ಕಡಿಮೆ. ಅತಿವೇಗದ ಎಸ್‌ಎಸ್‌ಡಿಗೆ ಬಿಎಫ್‌ಕ್ಯುವಿನ ಲೆಕ್ಕಾಚಾರವೇ ಹೊರೆಯಾದೀತು. ಇನ್ನು ಸ್ಮೃತಿ ಸಾಲದೆ ಗಣಕ ಕುಂಟುತ್ತಿದ್ದರೆ, ಯಾವ ಅನುಸೂಚಿಯೂ ಅದಕ್ಕೆ ಮದ್ದಲ್ಲ.

ನೀವೇ ಪರೀಕ್ಷಿಸಿ. 'ಸಿಸ್' ಕೋಶದ 'ಬ್ಲಾಕ್'ನಲ್ಲಿ ನಿಮ್ಮ ಡಿಸ್ಕ್‌ನ ಹೆಸರಿರುತ್ತದೆ. ಅದರೊಳಗಿನ 'ಕ್ಯೂ' ಕೋಶದಲ್ಲಿ 'ಷೆಡ್ಯೂಲರ್' ಎಂಬ ಕಡತವನ್ನು ಓದಿ. ಚೌಕ ಆವರಣದೊಳಗಿರುವುದೇ ಸದ್ಯದ ಆಯ್ಕೆ. ನಿರ್ವಾಹಕರ ಅಧಿಕಾರದಿಂದ ಬೇರೆ ಹೆಸರನ್ನು ಅದಕ್ಕೆ ಬರೆದರೆ ಪದ್ಧತಿ ಬದಲಾಗುತ್ತದೆ. ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಅದು ಮೊದಲಿನಂತಾಗುವುದರಿಂದ ಹೆದರಬೇಕಿಲ್ಲ. ಒಮ್ಮೆ ತೆರೆದ ಬ್ರೌಸರ್ ಎರಡನೆಯ ಸಲ ಸ್ಮೃತಿಯಿಂದಲೇ ಬೇಗ ಬರುತ್ತದೆ. ಆದ್ದರಿಂದ ಪ್ರತಿ ಅಳತೆಗೂ ಮುನ್ನ ಗಣಕವನ್ನು ಮತ್ತೆ ಚಾಲೂ ಮಾಡಿ, ಆಮೇಲೆ ಪದ್ಧತಿಯನ್ನು ಆರಿಸಿ. ಬ್ರೌಸರ್ ತೆರೆಯಲು ಹಿಡಿದ ಸಮಯ, ನಕಲು ಮುಗಿಯಲು ಹಿಡಿದ ಸಮಯ ಎರಡನ್ನೂ ಬರೆದುಕೊಳ್ಳಿ. ಒಂದರಲ್ಲಿ ಗಳಿಸಿದ್ದಕ್ಕೆ ಇನ್ನೊಂದರಲ್ಲಿ ಎಷ್ಟು ತೆತ್ತಿರಿ ಎಂಬುದು ಆಗ ತಿಳಿಯುತ್ತದೆ.