ರಸ್ತೆ ಉಳಿಯಿತು, ತೋಟ ಹೋಯಿತು

ಬಾರ್ಸಿಲೋನಾದ ಎಷಾಂಪ್ಲೆ ಬಡಾವಣೆಯಲ್ಲಿ ಎರಡು ರಸ್ತೆ ಕೂಡುವ ಕಡೆಯೆಲ್ಲ ಬಯಲು ತೆರೆದುಕೊಳ್ಳುತ್ತದೆ. ಮೂಲೆ ಕಟ್ಟಡಗಳಿಗೆ ಚೂಪಿಲ್ಲ. ನಾಲ್ಕನ್ನೂ ಓರೆಯಾಗಿ ಕತ್ತರಿಸಿದ್ದಾರೆ. ಗಾಡಿ ತಿರುಗಿಸಲು ಜಾಗವಿದೆ, ಅಡ್ಡ ಬರುವವರು ದೂರದಿಂದಲೇ ಕಾಣುತ್ತಾರೆ. ಮೋಟಾರು ಕಾರು ಇನ್ನೂ ಹುಟ್ಟದಿದ್ದ 1859ರಲ್ಲಿ ಇದನ್ನು ನಕ್ಷೆಗಿಳಿಸಿದವನು ಇಲ್ದೆಫೋನ್ಸ್ ಸೆರ್ದಾ ಎಂಬ ಸಿವಿಲ್ ಎಂಜಿನಿಯರ್.

ಸೆರ್ದಾ ಹುಟ್ಟಿದ್ದು 1815ರಲ್ಲಿ, ಕ್ಯಾಟಲೋನಿಯಾದ ಹಳ್ಳಿಗಾಡಿನ ಜಮೀನ್ದಾರ ಮನೆತನದಲ್ಲಿ. ಮ್ಯಾಡ್ರಿಡ್‌ನಲ್ಲಿ ಓದಿ ಸರ್ಕಾರಿ ಎಂಜಿನಿಯರ್ ಆದ. ದಕ್ಷಿಣ ಫ್ರಾನ್ಸಿನಲ್ಲಿ ಕಂಡ ಉಗಿಬಂಡಿ ಅವನ ತಲೆ ಹೊಕ್ಕಿತು: ಜನ ಹೀಗೆ ಓಡಾಡುವ ಕಾಲಕ್ಕೆ ಹಳೆಯ ಊರುಗಳು ತಡೆದಾವೆಯೇ? ಪಿತ್ರಾರ್ಜಿತ ಆಸ್ತಿ ಕೈಗೆ ಬಂದದ್ದೇ 1849ರಲ್ಲಿ ನೌಕರಿ ಬಿಟ್ಟ.

ಆಗಿನ ಬಾರ್ಸಿಲೋನಾ ಕೋಟೆಗೋಡೆಯೊಳಗೆ ಉಸಿರುಗಟ್ಟಿತ್ತು. ಗಿರಣಿಗಳೂ ಕೂಲಿಕಾರರ ಬಿಡಾರಗಳೂ ಅದರೊಳಗೇ. ಹೊರಗಿನ ಬಯಲಲ್ಲಿ ಕಟ್ಟಲು ಸೈನ್ಯ ಬಿಡುತ್ತಿರಲಿಲ್ಲ. 1854ರಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದೇ ವರ್ಷ ಗೋಡೆ ಕೆಡವುವ ಕೆಲಸ ಶುರುವಾಯಿತು. ಸೆರ್ದಾ ಬಯಲನ್ನು ಅಳೆದು ನಕ್ಷೆ ಬರೆದ. ಕೂಲಿಕಾರರ ಸಂಬಳ, ಬಾಡಿಗೆ, ಊಟದ ಖರ್ಚನ್ನೂ ಲೆಕ್ಕ ಹಾಕಿದ. ಒಬ್ಬ ಮನುಷ್ಯನಿಗೆ ಮಲಗುವ ಕೋಣೆಯಲ್ಲಿ ಎಷ್ಟು ಗಾಳಿ ಬೇಕು ಎಂಬಲ್ಲಿಂದ ಅವನ ಊರು ಶುರುವಾಗುತ್ತದೆ.

ಸುಮಾರು 113 ಮೀಟರ್ ಬದಿಯ ಚೌಕಗಳು, 20 ಮೀಟರ್ ಅಗಲದ ರಸ್ತೆಗಳು. ಅದರಲ್ಲಿ ಅರ್ಧ ಗಾಡಿಗಳಿಗೆ, ಅರ್ಧ ನಡೆಯುವವರಿಗೆ. ಬೀದಿಗಳನ್ನು ದಿಕ್ಕುಗಳಿಗೆ ಓರೆಯಾಗಿಸಿದ್ದರಿಂದ ಮನೆಯ ಯಾವ ಮುಖಕ್ಕೂ ದಿನದ ಒಂದಲ್ಲ ಒಂದು ಹೊತ್ತಿನಲ್ಲಿ ಬಿಸಿಲು ಬೀಳಬೇಕು. ಚೌಕದ ಎರಡು ಬದಿಗೆ ಮಾತ್ರ ಕಟ್ಟಡ, ನಡುವೆ ತೋಟ.

ನಗರಸಭೆಗೆ ಇದು ಹಿಡಿಸಲಿಲ್ಲ. ಅದು ಸ್ಪರ್ಧೆ ನಡೆಸಿ ಅಂತೋನಿ ರೊವಿರಾ ಎಂಬ ವಾಸ್ತುಶಿಲ್ಪಿಯ ನಕ್ಷೆಯನ್ನು ಆರಿಸಿತು. ಮ್ಯಾಡ್ರಿಡ್ ಸರ್ಕಾರ ಸೆರ್ದಾನ ನಕ್ಷೆಗೇ ಮುದ್ರೆ ಒತ್ತಿತು. ಮೇಲಿನಿಂದ ಹೇರಿದ್ದು ಎಂಬ ಸಿಟ್ಟು ಬಹುಕಾಲ ಆರಲಿಲ್ಲ. 1867ರಲ್ಲಿ ನಗರೀಕರಣದ ಸಿದ್ಧಾಂತವನ್ನೇ ಬರೆದು ಪ್ರಕಟಿಸಿದ ಸೆರ್ದಾ, 1876ರಲ್ಲಿ ತೀರಿಕೊಳ್ಳುವಾಗ ಆಸ್ತಿಯೆಲ್ಲ ಕರಗಿತ್ತು.

ಅಷ್ಟರಲ್ಲೇ ನಿವೇಶನದಾರರು ಕೆಲಸ ಶುರು ಮಾಡಿದ್ದರು. ಎರಡು ಬದಿ ನಾಲ್ಕಾಯಿತು, ಮಹಡಿಗಳು ಏರಿದವು, ತೋಟದ ಜಾಗಕ್ಕೆ ಕಾರ್ಖಾನೆ, ಗೋದಾಮು ಬಂದವು. ಆದರೆ ರಸ್ತೆಯ ಒಂದಡಿಯನ್ನೂ ಅವರಿಂದ ಕಬಳಿಸಲಾಗಲಿಲ್ಲ, ಅದು ಊರಿನ ಸ್ವತ್ತಾಗಿತ್ತು. ಮುಂದೆ ಟ್ರಾಮು, ಕಾರುಗಳನ್ನು ತಾಳಿಕೊಂಡದ್ದೂ ಆ ಅಗಲವೇ. 1980ರ ದಶಕದಿಂದ ಕೆಲವು ಒಳಾಂಗಣಗಳನ್ನು ನಗರಸಭೆಯೇ ಬಿಡಿಸಿ ಉದ್ಯಾನ ಮಾಡುತ್ತಿದೆ. ಹಳೆಯ ನೀರಿನ ಗೋಪುರವಿರುವ ಒಂದರಲ್ಲಿ ಬೇಸಗೆಯಲ್ಲಿ ಮಕ್ಕಳು ನೀರಾಟವಾಡುತ್ತಾರೆ. 2023ರಲ್ಲಿ ಕೊನ್ಸೆಲ್ ದೆ ಸೆಂತ್ ರಸ್ತೆಯ ಒಂದು ಭಾಗವನ್ನು ನಡೆಯುವವರಿಗೆ ಬಿಟ್ಟು ಗಿಡ ನೆಟ್ಟರು. ಚೌಕದೊಳಗೆ ಕಳೆದುಕೊಂಡ ಹಸಿರನ್ನು ಊರು ಈಗ ಬೀದಿಯಲ್ಲಿ ಬೆಳೆಸುತ್ತಿದೆ. ಅದಕ್ಕೆ ಜಾಗ ಸಿಕ್ಕಿದ್ದು 1859ರಲ್ಲಿ ಒಬ್ಬ 20 ಮೀಟರ್ ಎಂದು ಗೆರೆ ಎಳೆದಿದ್ದರಿಂದ.